ಕಾಲ್ಚೆಂಡಿನ ಬಯಲೂ ಸುಶಿಕ್ಷಿತ ಸಂಸಾರಗಳೂ

ಬೆಂಗಳೂರಿನ ಸುಶಿಕ್ಷಿತ ಸಂಸಾರಗಳಲ್ಲಿ ಈಚಿನ ಇಪ್ಪತ್ತು ಮೂವತ್ತು ವರ್ಷಗಳಿಂದ ಒಂದು ಹೊಸ ಜಾಗರಣೆಯು ಬಳಕೆಗೆ ಬಂದಿದೆ. ಶಿವರಾತ್ರಿಗಾಗಲಿ ವೈಕುಂಠ ಏಕಾದಶಿಗಾಗಲಿ ಎಚ್ಚರವಾಗಿರಲಾರದ ತರುಣರು, ಅವರ ಜೊತೆಗೆ ಕೆಲವೆಡೆ ಅವರ ತಂದೆಯವರೂ, ವಾರದ ಕೊನೆಯ ಇರುಳುಗಳಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮ್ಯಾಂಚೆಸ್ಟರಿನ ಅಥವಾ ಲಿವರ್‌ಪೂಲಿನ ತಂಡ ಆಡುವುದನ್ನು ಪರದೆಯ ಮೇಲೆ ನೋಡುತ್ತಾರೆ. ಆ ಊರುಗಳನ್ನು ಅವರಲ್ಲಿ ಬಹುಮಂದಿ ಕಂಡವರಲ್ಲ. ಅಲ್ಲಿಯ ಬೀದಿಯ ಹೆಸರನ್ನೂ ಬಲ್ಲವರಲ್ಲ. ಆದರೂ ಆ ತಂಡ ಸೋತಿತೆಂದರೆ ಮರುದಿನದ ಊಟ ರುಚಿಸುವುದಿಲ್ಲ. ಇದರಲ್ಲಿ ದೋಷವೇನೂ ಇಲ್ಲ. ಒಳ್ಳೆಯ ಆಟವನ್ನು ಯಾವ ದೇಶದ್ದಾದರೂ ನೋಡಿ ಸಂತೋಷಪಡುವುದು ರಸಿಕರ ಲಕ್ಷಣವೇ ಸರಿ. ದೋಷವಿರುವುದು ಬೇರೆಡೆಯಲ್ಲಿ. ಅದೇ ಸಂಸಾರದ ಮನೆಬಾಗಿಲಿನಿಂದ ನಾಲ್ಕೈದು ಮೈಲಿಯೊಳಗೆ, ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ, ಹಾಡುಹಗಲಿನಲ್ಲಿ ಜಿಲ್ಲಾ ಲೀಗಿನ ಪಂದ್ಯವು ನಡೆಯುತ್ತಿರುತ್ತದೆ. ಇಪ್ಪತ್ತೆರಡು ಮಂದಿ ಬೆವರು ಸುರಿಸಿ ಓಡುತ್ತಿರುತ್ತಾರೆ. ಮೆಟ್ಟಿಲುಗಳ ಮೇಲೆ ಕುಳಿತವರನ್ನು, ಸಾಮಾನ್ಯವಾದ ದಿನಗಳಲ್ಲಿ, ಬೆರಳು ಮಡಿಸಿ ಎಣಿಸಿ ಮುಗಿಸಬಹುದು. ಆ ಎಣಿಕೆಯಲ್ಲಿ ಬಸವನಗುಡಿಯವರಾಗಲಿ ಮಲ್ಲೇಶ್ವರದವರಾಗಲಿ ಸಿಕ್ಕುವುದು ಅಪರೂಪ.

ಇಷ್ಟೇ ಆಗಿದ್ದರೆ ಸುಮ್ಮನಿರಬಹುದಾಗಿತ್ತು. ಯಾರಿಗೆ ಯಾವುದರಲ್ಲಿ ರುಚಿಯೋ ಅದನ್ನು ನೋಡಲಿ. ಆದರೆ ಕರ್ನಾಟಕದಲ್ಲಿ ಕಾಲ್ಚೆಂಡಾಟವು ಹಾಳಾಗಿಹೋಯಿತು, ಹಿಂದಿನ ವೈಭವವು ಇನ್ನು ಬಾರದು ಎಂಬ ಪ್ರಲಾಪವನ್ನು ಎಲ್ಲರಿಗಿಂತ ಗಟ್ಟಿಯಾಗಿ ಮಾಡುವವರೂ ಈ ಮಹನೀಯರೇ. ಅವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಜಿಲ್ಲಾ ಲೀಗಿನ ಪಂದ್ಯವೊಂದನ್ನು ಕಟ್ಟಕಡೆಗೆ ಅವರು ನೋಡಿದ್ದು ಎಂದು? ರೋಗಿಯ ಕೈಹಿಡಿದು ನಾಡಿ ನೋಡದೆಯೇ ಪ್ರಾಣ ಹೋಯಿತೆಂದು ಸಾರುವ ವೈದ್ಯನನ್ನು ಯಾರೂ ಎರಡನೆಯ ಸಲ ಮನೆಗೆ ಕರೆಯುವುದಿಲ್ಲ. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದಿನಲ್ಲಿ ಕರ್ನಾಟಕದ ತಂಡವು ಮೇಘಾಲಯವನ್ನು 3–2 ಗೋಲುಗಳಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದುಕೊಂಡಿತು. ಐವತ್ತನಾಲ್ಕು ವರ್ಷಗಳ ತರುವಾಯ ದೊರೆತ ಜಯವದು. ಆ ಬಹುಮಾನವನ್ನು ತಂದ ಹುಡುಗರಲ್ಲಿ ಇಬ್ಬರ ಹೆಸರನ್ನು ಹೇಳಿರೆಂದರೆ ಪ್ರಲಾಪ ಮಾಡುವವರ ಬಾಯಿಂದ ಉತ್ತರ ಹೊರಡದು. ಮ್ಯಾಂಚೆಸ್ಟರಿನ ತಂಡದಲ್ಲಿ ಆಡದೆ ಹೊರಗೆ ಕುಳಿತವರ ಹೆಸರುಗಳನ್ನು ಕೇಳಿದರೆ ಮಾತ್ರ ಅಷ್ಟನ್ನೂ ಒಪ್ಪಿಸಿಯಾರು.

ಹಿಂದಿನ ವೈಭವವೆಂದು ಹೇಳುವುದು ಸುಲಭ. ಅದು ಯಾರ ವೈಭವವೆಂಬುದನ್ನು ಸ್ವಲ್ಪ ವಿಚಾರಿಸಬೇಕು. ಮುಂಬಯಿಯಲ್ಲಿ 1891ರಲ್ಲಿ ಆರಂಭವಾದ ರೋವರ್ಸ್ ಕಪ್ಪನ್ನು ಬಹುಕಾಲ ಗೆಲ್ಲುತ್ತಿದ್ದವು ಬ್ರಿಟಿಷ್ ಸೈನ್ಯದ ಪಟಾಲಮುಗಳು. ಬೂಟು ತೊಟ್ಟ ಆ ಗಟ್ಟಿಗರ ಕೈಯಿಂದ ಅದನ್ನು 1937ರಲ್ಲಿ ಮೊಟ್ಟಮೊದಲು ಕಿತ್ತುಕೊಂಡ ಭಾರತೀಯ ತಂಡವು ಕಲ್ಕತ್ತೆಯದಲ್ಲ, ಮುಂಬಯಿಯದೂ ಅಲ್ಲ; ಬೆಂಗಳೂರು ಮುಸ್ಲಿಮ್ಸ್ ಎಂಬುದು ಅದರ ಹೆಸರು. ಮರುವರ್ಷ 1938ರಲ್ಲಿಯೂ ಅದೇ ತಂಡವು ಗೆದ್ದಿತು. ಮೋಹನ್ ಬಗಾನ್ ತಂಡವು 1911ರಲ್ಲಿ ಐ.ಎಫ್.ಎ. ಷೀಲ್ಡನ್ನು ಗೆದ್ದುದನ್ನು ಬಂಗಾಳಿಗಳು ಇಂದಿಗೂ ಮಕ್ಕಳಿಗೆ ಕಥೆಯಾಗಿ ಹೇಳುತ್ತಾರೆ. ಸ್ವಾತಂತ್ರ್ಯದ ಹೋರಾಟದ ಚರಿತ್ರೆಯೊಳಗೆ ಅದನ್ನು ಸೇರಿಸಿ ಬರೆಯುತ್ತಾರೆ. 1937ರ ಜಯವನ್ನು ಕನ್ನಡದ ಯಾವ ಮನೆಯಲ್ಲಿ, ಯಾವ ಅಜ್ಜಿ, ಯಾವ ಮೊಮ್ಮಗುವಿಗೆ ಹೇಳಿದ್ದಾಳೆ?

ಮುಂದಿನ ಸಂಗತಿಯೂ ಹೀಗೆಯೇ. 1948ರ ಜುಲೈ 31ರಂದು ಸ್ವತಂತ್ರ ಭಾರತದ ತಂಡವು ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಮೇಲೆ ಆಡಿತು. ಬಹುಮಂದಿ ಆಟಗಾರರ ಕಾಲಿಗೆ ಬೂಟಿರಲಿಲ್ಲ. ಎರಡು ದಂಡದ ಒದೆತಗಳನ್ನು ವ್ಯರ್ಥಮಾಡಿಕೊಂಡು 2–1ರಿಂದ ಸೋತಿತು. ಆ ಒಂದು ಗೋಲನ್ನು, ಎಂದರೆ ಒಲಿಂಪಿಕ್ಸಿನಲ್ಲಿ ಭಾರತದ ಮೊದಲನೆಯ ಗೋಲನ್ನು, ಹೊಡೆದವರು ಮೈಸೂರಿನ ಸಾರಂಗಪಾಣಿ ರಾಮನ್. ಆ ತಂಡದಲ್ಲಿಯೇ ಇದ್ದ ಬೆಂಗಳೂರಿನ ಅಹ್ಮದ್ ಖಾನರು ಅನಂತರ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿ, ಅಲ್ಲಿಯ ಜನ ಪಂಚಪಾಂಡವರೆಂದು ಕೊಂಡಾಡಿದ ಐವರು ಮುಂದಾಳುಗಳಲ್ಲಿ ಒಬ್ಬರಾದರು. ಚೆಂಡನ್ನು ಕಾಲಿನಲ್ಲಿ ಆಡಿಸುತ್ತಿದ್ದ ಚಮತ್ಕಾರಕ್ಕಾಗಿ ಅವರಿಗೆ ಹಾವಾಡಿಗನೆಂಬ ಬಿರುದು ಬಂದಿತು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯವು ಭಾರತದ ಮೇಲೆ ಹತ್ತು ಗೋಲು ಹಾಕಿದಾಗ ಭಾರತಕ್ಕೆ ದಕ್ಕಿದ ಒಂದು ಗೋಲು ಅಹ್ಮದ್ ಖಾನರದು. 2017ರಲ್ಲಿ, ತೊಂಬತ್ತರ ವೃದ್ಧರಾಗಿ, ಅವರು ಈ ಊರಿನಲ್ಲಿಯೇ ತೀರಿಕೊಂಡರು. ಊರಿನ ಸುಶಿಕ್ಷಿತರಲ್ಲಿ ಎಷ್ಟು ಮಂದಿಗೆ ಅವರು ಅಷ್ಟು ವರ್ಷ ಇದೇ ಊರಿನಲ್ಲಿ ಬದುಕಿದ್ದರೆಂಬುದು ತಿಳಿದಿತ್ತು?

ಇದರ ಪಕ್ಕದಲ್ಲಿ ಕ್ರಿಕೆಟ್ಟನ್ನು ಇಟ್ಟು ನೋಡಿದರೆ ಅನ್ಯಾಯವು ಇನ್ನೂ ಸ್ಪಷ್ಟವಾಗುತ್ತದೆ. ಕರ್ನಾಟಕವು ಮೊದಲ ಸಲ ರಣಜಿ ಟ್ರೋಫಿಯನ್ನು ಗೆದ್ದದ್ದು 1973–74ರಲ್ಲಿ. ಅದು ದೊಡ್ಡ ಜಯವೇ. ಹದಿನೈದು ವರ್ಷ ಬಿಡದೆ ಗೆದ್ದ ಮುಂಬಯಿಯ ಓಟವನ್ನು ತಡೆದ ಜಯ. ಅದರ ಕಥೆಯು ಮನೆಮನೆಗೂ ಗೊತ್ತು. ಆದರೆ ಅಷ್ಟು ಹೊತ್ತಿಗಾಗಲೇ ಮೈಸೂರಿನ ಕಾಲ್ಚೆಂಡಿನವರು 1946–47, 1952–53, 1967–68, 1968–69, ಹೀಗೆ ನಾಲ್ಕು ಸಲ ರಾಷ್ಟ್ರದ ಪ್ರಾಂತತಂಡಗಳನ್ನೆಲ್ಲ ಗೆದ್ದು ಸಂತೋಷ್ ಟ್ರೋಫಿಯನ್ನು ತಂದಿದ್ದರು. ನಾಲ್ಕು ಸಲ ತಂದವರ ಮಾತು ಮರೆತುಹೋಯಿತು. ಒಂದು ಸಲ ತಂದವರ ಮಾತು ಉಳಿಯಿತು. ಕ್ರಿಕೆಟ್ಟು ಉತ್ತಮವಾದ ಆಟ, ಕಾಲ್ಚೆಂಡು ಅಧಮವಾದದ್ದು ಎಂದು ವಾದಿಸುವ ಧೈರ್ಯವಿದ್ದವರು ವಾದಿಸಲಿ. ಇರುವ ಕಾರಣ ಅದಲ್ಲ. ಒಂದನ್ನು ಆಡಿದವರು ಗೃಹಸ್ಥರ ಮನೆಯ ಮಕ್ಕಳು, ಇನ್ನೊಂದನ್ನು ಆಡಿದವರು ಬಹುಮಟ್ಟಿಗೆ ಬೇರೆಯವರ ಮನೆಯ ಮಕ್ಕಳು.

ಬೇರೆಯವರೆಂದರೆ ಯಾರು? 1809ರ ಸುಮಾರಿಗೆ ಬೆಂಗಳೂರಿನ ಕೋಟೆ ಪೇಟೆಗಳ ಮೂಡಲಿಗೆ ಬ್ರಿಟಿಷರು ದಂಡು ಪ್ರದೇಶವನ್ನು ಕಟ್ಟಿಕೊಂಡರು. ಸೈನ್ಯದ ಹಿಂದೆ ಅದರ ಚಾಕರಿಗಾಗಿ ಬಂದ ತಮಿಳರು, ಉರ್ದು ಮಾತನಾಡುವವರು, ಆಂಗ್ಲೋ ಇಂಡಿಯನ್ನರು ಅಲ್ಲಿ ನೆಲಸಿದರು. 1881ರಲ್ಲಿ ಸಂಸ್ಥಾನವನ್ನು ಮಹಾರಾಜರಿಗೆ ಹಿಂದಿರುಗಿಸಿದಾಗಲೂ ದಂಡನ್ನು ಬ್ರಿಟಿಷರು ತಮ್ಮ ಕೈಯಲ್ಲೇ ಇರಿಸಿಕೊಂಡರು. 1947ರಲ್ಲಿ ಅದು ಮೈಸೂರಿಗೆ ಬಂದಿತು. 1949ರಲ್ಲಿ ಎರಡು ಪುರಸಭೆಗಳೂ ಕೂಡಿ ಒಂದೇ ಕಾರ್ಪೊರೇಷನ್ ಆಯಿತು. ಕಾಲ್ಚೆಂಡಾಟವನ್ನು ಸಿಪಾಯಿಗಳು ತಂದರು. ಅವರನ್ನು ನೋಡಿ ದಂಡಿನ ಹುಡುಗರು ಕಲಿತರು. ಹಲಸೂರಿನ ಸುತ್ತಣ ಕೇರಿಗಳು, ಆಸ್ಟಿನ್ ಟೌನು, ಮರ್ಫಿ ಟೌನು, ಗೌತಮಪುರ, ಇವೆಲ್ಲ ಆಟಗಾರರ ತವರುಗಳಾದುವು. ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇವರ ಜೊತೆಯಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆಯೂ ನಿಂತಿದೆ. ಅಂತಹ ಕೂಟವು ಲೋಕದಲ್ಲಿ ಬೇರೆಲ್ಲಿಯಾದರೂ ಇದ್ದೀತೋ ಇಲ್ಲವೋ! ಪೇಟೆಯ ಗೃಹಸ್ಥನು ಇದನ್ನು ನೋಡಲು ಹೋಗಿಲ್ಲ. ಕಾಗದದ ಮೇಲೆ ಊರು ಒಂದಾಗಿ ಮುಕ್ಕಾಲು ಶತಮಾನ ಕಳೆದಿದ್ದರೂ ಕಬ್ಬನ್ ಪಾರ್ಕನ್ನು ದಾಟುವ ಅಭ್ಯಾಸವು ಅವನಿಗೆ ಪೂರ್ತಿಯಾಗಿ ಆಗಲಿಲ್ಲ. ಜವಳಿ ಕೊಳ್ಳುವುದಕ್ಕೂ ಸಿನಿಮಾಕ್ಕೂ ದಾಟುತ್ತಾನೆ, ಆಟಕ್ಕೆ ದಾಟುವುದಿಲ್ಲ.

ಜಾತಿಯ ಮಾತನ್ನಾಗಲಿ ಮತದ ಮಾತನ್ನಾಗಲಿ ಈ ಸಂದರ್ಭದಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ‘ಆ ಕಡೆಯ ಹುಡುಗರು’ ಎಂದಷ್ಟೇ ಹೇಳುತ್ತಾರೆ. ಸ್ವಲ್ಪ ಹೆಚ್ಚು ಓದಿದವರು ಭಾಷೆಯ ನೆಪವನ್ನು ಒಡ್ಡುತ್ತಾರೆ: ಅಲ್ಲಿ ಕನ್ನಡವೇ ಕೇಳುವುದಿಲ್ಲವಂತೆ. ಈ ‘ಅಂತೆ’ಯನ್ನು ವಾಚಕರು ಗಮನಿಸಬೇಕು. ಹೋಗಿ ಕೇಳಿದವರು ಹಾಗೆ ಹೇಳಲಾರರು. ಮೈದಾನದಲ್ಲಿ ತಮಿಳು, ಉರ್ದು, ಇಂಗ್ಲಿಷು, ಮಲಯಾಳಗಳು ಕೇಳುವುದು ನಿಜ. ಈಶಾನ್ಯದ ಬೆಟ್ಟನಾಡುಗಳಿಂದ ಬಂದು ಆಡುವ ಹುಡುಗರ ನುಡಿಗಳೂ ಕೇಳುತ್ತವೆ. ಇವೆಲ್ಲದರ ನಡುವೆ ‘ಬಿಡ್ಬೇಡ, ಹಿಂದೆ ನೋಡು’ ಎಂಬ ಅಚ್ಚ ಬೆಂಗಳೂರು ಕನ್ನಡವೂ ಕೇಳುತ್ತದೆ. ಆ ಹುಡುಗರು ಎದೆಯ ಮೇಲೆ ಧರಿಸಿ ಆಡಿದ್ದು ಮೊದಲು ಮೈಸೂರಿನ ಹೆಸರನ್ನು, ಬಳಿಕ ಕರ್ನಾಟಕದ ಹೆಸರನ್ನು. ನಾಡಿನ ಹೆಸರನ್ನು ಹೊತ್ತವರನ್ನು ನಾಡವರೆಂದು ಎಣಿಸದೆ, ಲಂಕಾಷೈರಿನ ತಂಡಕ್ಕೆ ‘ನಮ್ಮ ತಂಡ’ ಎನ್ನುವವರು ಭಾಷಾಭಿಮಾನದ ಮಾತನ್ನು ಎತ್ತದಿರುವುದೇ ಲೇಸು. ಕಲ್ಕತ್ತೆಯವರು ಬೆಂಗಳೂರಿನ ಉರ್ದು ಮಾತಿನ ಅಹ್ಮದ್ ಖಾನರನ್ನು ಪಾಂಡವರೊಳಗೆ ಒಬ್ಬರನ್ನಾಗಿ ಮಾಡಿಕೊಂಡರು. ಅವರು ಹುಟ್ಟಿದ ಊರಿನವರಿಗೆ ಅಷ್ಟೂ ತೋರಲಿಲ್ಲ.

ಇನ್ನು ಎರಡನೆಯ ಆಕ್ಷೇಪ: ಜಿಲ್ಲಾ ಲೀಗಿನ ಆಟದ ಮಟ್ಟವು ಕೆಳಗಿನದು, ಅದನ್ನು ನೋಡಿ ಏನು ಪ್ರಯೋಜನ ಎಂಬುದು. ಮಟ್ಟವು ಕೆಳಗಿನದೆಂಬುದನ್ನು ಒಪ್ಪಿಕೊಳ್ಳಲೇಬೇಕು. ಸೂಪರ್ ಡಿವಿಜನ್ನಿನಿಂದ ಹಿಡಿದು ಎ, ಬಿ, ಸಿ ಎಂದು ಇಳಿಯುತ್ತ ಹೋದಂತೆ ಚೆಂಡು ಹೆಚ್ಚುಹೆಚ್ಚಾಗಿ ಆಕಾಶವನ್ನೇ ಸೇರುತ್ತದೆ. ಲೋಕದಲ್ಲಿ ಅತ್ಯುತ್ತಮರಾದ ಆಟಗಾರರೊಡನೆ ಹೋಲಿಸಿದರೆ ಇಲ್ಲಿಯವರು ಅರೆಪಾಲೂ ಬಾರರು. ಆದರೆ ಈ ನ್ಯಾಯವನ್ನು ಎಲ್ಲಕ್ಕೂ ಅನ್ವಯಿಸಿದರೆ ಊರಿನ ಗಮಕಿಯ ಕಾವ್ಯವಾಚನವನ್ನು ಯಾರೂ ಕೇಳಬಾರದು. ರಾಮೋತ್ಸವದ ಚಪ್ಪರದಲ್ಲಿ ಮೊದಲ ಸಲ ಹಾಡುವ ಹುಡುಗಿಯ ಕಛೇರಿಗೆ ಯಾರೂ ಹೋಗಬಾರದು. ಇಂತಹ ಮಾಸಪತ್ರಿಕೆಯನ್ನು ಯಾರೂ ಓದಬಾರದು. ಜಿಲ್ಲೆಯ ಸಾಹಿತ್ಯಸಂಘವೊಂದು ಪತ್ರಿಕೆಯನ್ನು ಹೊರಡಿಸುವುದು ಇಲ್ಲಿ ಬರೆಯುವವರೆಲ್ಲ ಪಂಪ ಕುಮಾರವ್ಯಾಸರೆಂಬ ಭ್ರಮೆಯಿಂದಲ್ಲವಷ್ಟೆ!

ಇಷ್ಟಕ್ಕೂ, ಪರದೆಯ ಮೇಲೆ ಉತ್ತಮವಾದ ಆಟವನ್ನು ನೋಡಿದವರು ಆಟವನ್ನು ಪೂರ್ತಿಯಾಗಿ ನೋಡಿದ್ದಾರೆಯೇ ಎಂಬುದೇ ಸಂದೇಹ. ಚಿತ್ರಯಂತ್ರವು ಚೆಂಡನ್ನು ಹಿಂಬಾಲಿಸುತ್ತದೆ. ಕಾಲ್ಚೆಂಡಾಟದ ಅರ್ಧಕ್ಕಿಂತ ಹೆಚ್ಚಿನ ಭಾಗವು ಚೆಂಡಿಲ್ಲದ ಕಡೆ ನಡೆಯುವಂಥದು. ಅಂಚುಗೆರೆಯ ಪಕ್ಕದ ಮೆಟ್ಟಿಲ ಮೇಲೆ ಕುಳಿತವನಿಗೆ ಬಯಲು ಪೂರ್ತಿ ಕಾಣುತ್ತದೆ. ಚೆಂಡು ಬಲಗಡೆಯ ಮೂಲೆಯಲ್ಲಿರುವಾಗ ಎಡಗಡೆಯ ಹುಡುಗನು ಮೆಲ್ಲಮೆಲ್ಲನೆ, ಯಾರಿಗೂ ತಿಳಿಯದಂತೆ, ಖಾಲಿ ಜಾಗದ ಕಡೆಗೆ ಜರುಗುವುದು ಕಾಣುತ್ತದೆ; ಅವನನ್ನು ಕಾಯಬೇಕಾದವನು ಚೆಂಡನ್ನೇ ನೋಡುತ್ತ ಮೈಮರೆತಿರುವುದೂ ಕಾಣುತ್ತದೆ. ಗೋಲುಕಾವಲಿನವನು ಹಿಂದಿನಿಂದ ಕೂಗಿ ಕೂಗಿ ತನ್ನವರನ್ನು ಸಾಲಾಗಿ ನಿಲ್ಲಿಸುವ ಮಾತುಗಳು ಕೇಳುತ್ತವೆ. ಎರಡು ಮೊಣಕಾಲುಗಳು ಡಿಕ್ಕಿ ಹೊಡೆದ ಸದ್ದು, ಚೆಂಡು ಬೂಟಿಗೆ ತಾಕಿದ ಸದ್ದು, ತಪ್ಪು ಮಾಡಿದವನು ತನ್ನನ್ನೇ ಬೈದುಕೊಳ್ಳುವ ಸದ್ದು, ಇವು ಎಪ್ಪತ್ತು ಸಾವಿರ ಜನರ ಗದ್ದಲದ ನಡುವೆ ಮ್ಯಾಂಚೆಸ್ಟರಿನಲ್ಲಿಯೂ ಕೇಳಲಾರವು. ಸಣ್ಣ ಮೈದಾನದಲ್ಲಿ ಆಟದ ವ್ಯಾಕರಣವು ಬಿಡಿಬಿಡಿಯಾಗಿ ತೋರುತ್ತದೆ. ಮಹಾಕವಿಯ ವೃತ್ತದಲ್ಲಿ ಗಣಗಳು ಕಾಣಿಸವು, ಕಲಿಯುವವನ ಪದ್ಯದಲ್ಲಿ ಕಾಣುತ್ತವೆ, ಇದೂ ಹಾಗೆಯೇ. ಒಂದು ಹಂಗಾಮು ಇಲ್ಲಿ ಕುಳಿತು ನೋಡಿದವನು ಪರದೆಯ ಆಟವನ್ನೂ ಇಮ್ಮಡಿ ಚೆನ್ನಾಗಿ ತಿಳಿಯಬಲ್ಲನು.

ಸಾಹಿತ್ಯಸಂಘಗಳಲ್ಲಿ ಬಯಲಾಟದ ಮೇಲೆ ಭಾಷಣಗಳಾಗುತ್ತವೆ. ಯಕ್ಷಗಾನವನ್ನು ಪರದೆಯ ಮೇಲೆ ನೋಡಬಾರದು, ಗದ್ದೆಯ ಬಯಲಿನಲ್ಲಿ ಇಬ್ಬನಿಯಲ್ಲಿ ಕುಳಿತು, ಭಾಗವತರ ಮುಂದುಗಡೆ, ಚೆಂಡೆಯ ಪೆಟ್ಟು ಎದೆಗೆ ತಟ್ಟುವಂತೆ ನೋಡಬೇಕೆಂದು ವಿದ್ವಾಂಸರು ಉಪದೇಶಿಸುತ್ತಾರೆ. ಸಭಿಕರು ತಲೆದೂಗುತ್ತಾರೆ. ಅದೇ ವಿದ್ವಾಂಸರಿಗೆ ಇನ್ನೊಂದು ಬಗೆಯ ಬಯಲಾಟವು ಊರೊಳಗೇ ಇದೆಯೆಂದು ಹೇಳಿದರೆ ನಗುತ್ತಾರೆ. ವೇಷ ಕಟ್ಟಿದರೆ ಕಲೆ, ಚಡ್ಡಿ ತೊಟ್ಟರೆ ಪುಂಡಾಟವೆಂಬ ಈ ಮೀಮಾಂಸೆಯು ಯಾವ ಲಕ್ಷಣಗ್ರಂಥದಿಂದ ಬಂದುದೋ ತಿಳಿಯದು.

ಪರದೇಶದ ಆಟವನ್ನು ಮೆಚ್ಚುವವರು ಆ ದೇಶದವರು ಸಣ್ಣ ಆಟವನ್ನು ಹೇಗೆ ಕಾಣುತ್ತಾರೆಂಬುದನ್ನೂ ತಿಳಿಯುವುದು ಒಳ್ಳೆಯದು. ಇಂಗ್ಲೆಂಡಿನ ಷೆಫೀಲ್ಡಿನ ಅಂಚಿನಲ್ಲಿ ಸ್ಯಾಂಡಿಗೇಟ್ ಎಂಬ ಇಳಿಜಾರಾದ ಒಂದು ಮೈದಾನವಿದೆ. 1860ರಲ್ಲಿ ಸ್ಥಾಪಿತವಾದ ಹಲಂ ಎಂಬ ಕೂಟವು ಅಲ್ಲಿ ಆಡುತ್ತದೆ. ಆ ವರ್ಷದ ಡಿಸೆಂಬರ್ 26ರಂದು 1857ರಷ್ಟು ಹಳೆಯದಾದ ಷೆಫೀಲ್ಡ್ ಕೂಟದೊಡನೆ ಅಲ್ಲಿ ನಡೆದ ಪಂದ್ಯವು ಲೋಕದಲ್ಲಿಯೇ ಎರಡು ಕೂಟಗಳ ನಡುವೆ ನಡೆದ ಮೊದಲನೆಯದೆಂದು ಪ್ರಸಿದ್ಧಿ. ದೊಡ್ಡ ತಂಡಗಳ ದುಬಾರಿ ಚೀಟಿಗಳನ್ನು ಬಿಟ್ಟು, ಶನಿವಾರದ ಮಧ್ಯಾಹ್ನ ಇಂತಹ ಮೈದಾನಗಳನ್ನು ಒಂದೊಂದಾಗಿ ಸಂದರ್ಶಿಸುವ ಸಾವಿರಾರು ಜನ ಆ ದೇಶದಲ್ಲಿದ್ದಾರೆ. ಊರವರೇ ಚಹಾ ಕಾಸಿ ಮಾರುತ್ತಾರೆ, ಊರವರೇ ಹುಲ್ಲು ಕೊಯ್ಯುತ್ತಾರೆ. 1951ರಲ್ಲಿ ಹವ್ಯಾಸಿಗಳ ಕಪ್ಪಿನ ಅಂತಿಮ ಪಂದ್ಯಕ್ಕೆ ವೆಂಬ್ಲಿಯಲ್ಲಿ ಲಕ್ಷ ಜನ ಸೇರಿದ್ದರು. ಆಡಿದವರು ಒಂದು ಕಡೆ ಆಕ್ಸ್‌ಫರ್ಡ್ ಕೇಂಬ್ರಿಜ್‌ಗಳ ವಿದ್ಯಾವಂತರ ಪೆಗಸಸ್ ಕೂಟ, ಇನ್ನೊಂದು ಕಡೆ ಬಡಗಣ ಗಣಿನಾಡಿನ ಬಿಷಪ್ ಆಕ್ಲೆಂಡ್. ವಿದ್ಯಾವಂತರೂ ದುಡಿಯುವವರ ಊರಿನವರೂ ಒಂದೇ ಹುಲ್ಲಿನ ಮೇಲೆ ಸಮಸಮವಾಗಿ ನಿಂತರು. ಹವ್ಯಾಸಿ ವೃತ್ತಿಗಾರರೆಂಬ ಭೇದವನ್ನೇ 1974ರಲ್ಲಿ ಅಲ್ಲಿ ತೆಗೆದುಹಾಕಿದರು. ಆ ಕಪ್ಪೂ ಅಲ್ಲಿಗೆ ನಿಂತಿತು. ಸಣ್ಣ ಕೂಟಗಳಿಗೆ ಹೋಗುವ ಅಭ್ಯಾಸ ನಿಲ್ಲಲಿಲ್ಲ. ಇನ್ನೊಂದು ಮಾತು: 1948ರಲ್ಲಿ ರಾಮನ್ನರು ಆ ಗೋಲನ್ನು ಹೊಡೆದದ್ದು ವೆಂಬ್ಲಿಯಲ್ಲಲ್ಲ, ಲಂಡನ್ನಿನ ಹೊರವಲಯದ ಇಲ್‌ಫರ್ಡಿನ ಕ್ರಿಕಲ್‌ಫೀಲ್ಡ್ ಎಂಬ ಸಾಧಾರಣ ಬಯಲಿನಲ್ಲಿ. ಊರಿನ ಸಣ್ಣ ತಂಡಗಳು ಆಡಿಕೊಂಡು ಬಂದ ಬಯಲು ಅದು.

ಆ ಸಂದರ್ಶಕರಲ್ಲಿಯೂ ಒಂದು ಜಾತಿಯವರಿದ್ದಾರೆ, ಅವರನ್ನು ಅನುಕರಿಸಬೇಕಾಗಿಲ್ಲ. ಮೈದಾನಗಳ ಪಟ್ಟಿಯೊಂದನ್ನು ಮಾಡಿಕೊಂಡು, ಕಂಡದ್ದಕ್ಕೆಲ್ಲ ಗುರುತು ಹಾಕುತ್ತ, ಅಂಚೆಚೀಟಿಯನ್ನು ಕೂಡಿಸುವವರಂತೆ ಬಯಲುಗಳನ್ನು ಕೂಡಿಸುವವರು. ನೂರು ಕ್ಷೇತ್ರ ಸುತ್ತಿ ಯಾವ ದೇವರ ಮುಖವನ್ನೂ ನೆಟ್ಟಗೆ ನೋಡದ ಯಾತ್ರಿಕರು ಇಲ್ಲಿಯೂ ಬೇಕಾದಷ್ಟಿದ್ದಾರೆ. ಬೇಕಾಗಿರುವುದು ಒಂದೇ ಬಯಲಿಗೆ ಹತ್ತು ಸಲ ಹೋಗುವವರು. ಹೋದ ವರ್ಷ ಹೆದರಿ ಹೆದರಿ ಆಡಿದ ಹುಡುಗನು ಈ ವರ್ಷ ತಲೆಯೆತ್ತಿ ಆಡುತ್ತಿದ್ದಾನೆಂದು ಗುರುತಿಸಬಲ್ಲವರು. ಬಡವರ ಮಕ್ಕಳ ಆಟಕ್ಕೆ ಪ್ರೋತ್ಸಾಹ ಕೊಡೋಣವೆಂಬ ಕನಿಕರದಿಂದ ಹೋಗುವವರು ಹೋಗದಿದ್ದರೆ ವಾಸಿ. ಕನಿಕರದಿಂದ ಬಂದವನಿಗೆ ಒಳ್ಳೆಯ ಒದೆತವೂ ಕೆಟ್ಟ ಒದೆತವೂ ಒಂದೇ. ಎಲ್ಲಕ್ಕೂ ಚಪ್ಪಾಳೆ ತಟ್ಟುತ್ತಾನೆ. ಆಟಗಾರನಿಗೆ ಬೇಕಾದದ್ದು ತಪ್ಪಿದಾಗ ಬೈಯುವ ಪ್ರೇಕ್ಷಕ.

ಕರ್ನಾಟಕದವರಿಗೆ ಇದು ಕೈಲಾಗದ್ದೇನೂ ಅಲ್ಲ. ಕೊಡಗಿನಲ್ಲಿ 1997ರಲ್ಲಿ ಕರಡ ಎಂಬ ಊರಿನಲ್ಲಿ ಆರಂಭವಾದ ಕುಟುಂಬಗಳ ಹಾಕಿ ಪಂದ್ಯವನ್ನು ನೋಡಲಿ. ಒಂದೊಂದು ಒಕ್ಕದಿಂದ ಒಂದೊಂದು ತಂಡ. ಅಜ್ಜ ಮೊಮ್ಮಕ್ಕಳು, ಸೊಸೆ ಅತ್ತೆಯರು ಕೂಡಿಯೇ ಆಡುವುದುಂಟು. 2024ರಲ್ಲಿ 360 ತಂಡಗಳು ಸೇರಿದ್ದುವು. ಅಲ್ಲಿ ನೋಡುವವರೂ ಆಡುವವರೂ ಬೇರೆಬೇರೆಯಲ್ಲ. ಓದಿದವರು ಓದದವರೆಂಬ ಮಾತೇ ಏಳುವುದಿಲ್ಲ. ಬೆಂಗಳೂರಿನಲ್ಲಿಯೂ ಜನ ಬಾರರೆಂದಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ತನ್ನ ಮೊದಲ ಹಂಗಾಮಿನಲ್ಲಿ ಆಡಿದ್ದು ಅಶೋಕನಗರದ ಇದೇ ಕ್ರೀಡಾಂಗಣದಲ್ಲಿ. ಆ ಹಂಗಾಮಿನಲ್ಲಿಯೇ ಐ-ಲೀಗನ್ನೂ ಗೆದ್ದಿತು. ಅಂದು ಇದೇ ಮೆಟ್ಟಿಲುಗಳು ತುಂಬಿದ್ದುವು, ಹಾಡುಗಳು ಕೇಳಿದುವು. ಮರುವರ್ಷ ತಂಡವು ಕಂಠೀರವ ಕ್ರೀಡಾಂಗಣಕ್ಕೆ ಹೋಯಿತು. ಜನರೂ ಜೊತೆಯಲ್ಲಿಯೇ ಹೋದರು. ಮೆಟ್ಟಿಲುಗಳು ಮಾತ್ರ ಇಲ್ಲಿಯೇ ಉಳಿದುವು.

ಆಟವನ್ನು ನಡೆಸುವವರ ತಪ್ಪೇನೂ ಇಲ್ಲವೆಂದು ಇದರ ಅರ್ಥವಲ್ಲ. ಊರೂರಿನ ಸಣ್ಣ ಮೈದಾನಗಳಲ್ಲಿ ಇಂದು ಯಾವ ತಂಡಗಳು, ಎಷ್ಟು ಹೊತ್ತಿಗೆ ಆಡುತ್ತವೆಂಬ ಸುದ್ದಿಯು ಆಡುವವರ ಮನೆಯವರಿಗೆ ಹೊರತು ಮತ್ತಾರಿಗೂ ತಿಳಿಯುವುದಿಲ್ಲ. ಕನ್ನಡದಲ್ಲಿ ಒಂದು ಪ್ರಕಟಣೆ ಕಾಣುವುದಂತೂ ಕಷ್ಟ. ಬಿಸಿಲಿಗೆ ನೆರಳಿಲ್ಲ, ಬಾಯಾರಿದರೆ ನೀರಿಲ್ಲ, ಹೆಂಗಸರಿಗೆ ಶೌಚಾಲಯವೆಂಬುದು ಬಹುಕಡೆ ಇದ್ದೂ ಇಲ್ಲದಂತೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಂಬ ಕೂಟದ ಹೆಣ್ಣುಮಕ್ಕಳು 2023ರಲ್ಲಿ ರಾಷ್ಟ್ರದ ಮಹಿಳಾ ಲೀಗಿನ ಅಂತಿಮ ಪಂದ್ಯದವರೆಗೆ ಹೋದರು. ಅಂಥವರನ್ನು ನೋಡಿ ಕಲಿಯಬೇಕಾದ ಹುಡುಗಿಯನ್ನು ತಾಯಿಯೊಬ್ಬಳು ಕರೆತಂದರೆ ಎರಡು ಗಂಟೆಯ ಹೊತ್ತು ಕುಳಿತಿರುವುದಕ್ಕೆ ಅನುಕೂಲವಿರಬೇಡವೇ? ಸಂಘಗಳವರು ಇದಕ್ಕೆ ಹಣವಿಲ್ಲವೆನ್ನುತ್ತಾರೆ. ಆದರೆ ಕೇಳುವವರಿಲ್ಲದ ಕಡೆ ಯಾವ ಅನುಕೂಲವೂ ತಾನಾಗಿ ಬರುವುದಿಲ್ಲವೆಂಬುದೂ ನಿಜ. ಬಸವನಗುಡಿಯ ನೂರು ಮಂದಿ ತಾಯಂದಿರು ಒಂದು ವಾರ ಬಂದು ಹೋಗಲಿ; ಮೂರನೆಯ ವಾರಕ್ಕೆ ನಲ್ಲಿಯಲ್ಲಿ ನೀರು ಬರುತ್ತದೆ.

ಇದೆಲ್ಲ ಬರಿಯ ವಿನೋದದ ವಿಚಾರವಾಗಿದ್ದರೆ ಇಷ್ಟು ಕಟುವಾಗಿ ಹೇಳಬೇಕಾಗಿರಲಿಲ್ಲ. ನೆಲದ ವಿಚಾರವೂ ಇದರಲ್ಲಿ ಸೇರಿದೆ. ಹಿಂದುಸ್ಥಾನ್ ಏರೊನಾಟಿಕ್ಸ್, ಐ.ಟಿ.ಐ. ಮೊದಲಾದ ಸರ್ಕಾರಿ ಕಾರ್ಖಾನೆಗಳು ಹಿಂದೆ ಆಟಗಾರರಿಗೆ ಕೆಲಸ ಕೊಟ್ಟು ತಂಡಗಳನ್ನು ಸಾಕಿದುವು. ಅವೆರಡೂ ಒಂದು ಕಾಲಕ್ಕೆ ರಾಷ್ಟ್ರೀಯ ಲೀಗಿನಲ್ಲಿಯೇ ಆಡಿದುವು. ಸಂಜೆಯ ಪಾಳಿಯನ್ನು ಬಿಟ್ಟು ಅಭ್ಯಾಸಕ್ಕೆ ಹೋಗುವ ಅನುಮತಿ, ತಿಂಗಳ ಸಂಬಳ, ಇವುಗಳ ಆಸೆಯಿಂದ ಕೇರಿಯ ಹುಡುಗರು ಚೆಂಡನ್ನು ಹಿಡಿದರು. ಕಾರ್ಖಾನೆಗಳ ಆ ಕಾಲ ಹೋಯಿತು. ಈಗ ಆ ಹುಡುಗರಿಗೆ ಉಳಿದಿರುವುದು ಬಯಲುಗಳು ಮಾತ್ರ. ಬೆಂಗಳೂರಿನಲ್ಲಿ ಒಂದು ಎಕರೆ ಬಯಲಿನ ಬೆಲೆಯೆಷ್ಟೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಉದ್ಯಾನ ಕ್ರೀಡಾಬಯಲುಗಳನ್ನು ರಕ್ಷಿಸುವುದಕ್ಕೆ 1985ರ ಕಾಯಿದೆಯೊಂದು ಕರ್ನಾಟಕದಲ್ಲಿ ಇದೆ, ಇರುವುದು ಒಳ್ಳೆಯದೇ. ಆದರೆ ಕಾಯಿದೆಯು ತಾನಾಗಿ ಎದ್ದು ಬಂದು ಬೇಲಿಯ ಬಳಿ ನಿಲ್ಲುವುದಿಲ್ಲ. ದಿನವೂ ಆಡುವವರೂ ವಾರವೂ ನೋಡುವವರೂ ಇರುವ ನೆಲವನ್ನು ಎಲ್ಲರೂ ಮೈದಾನವೆನ್ನುತ್ತಾರೆ. ಅದೇ ನೆಲಕ್ಕೆ ನೋಡುವವರಿಲ್ಲದೆ ಹೋದರೆ ಕೆಲವು ವರ್ಷಗಳಲ್ಲಿ ಅದಕ್ಕೆ ‘ಖಾಲಿ ಜಾಗ’ವೆಂದು ಹೆಸರಾಗುತ್ತದೆ. ಆ ಹೆಸರು ಬಿದ್ದ ಮೇಲೆ ಒಂದು ಮೂಲೆಯಲ್ಲಿ ಕಲ್ಯಾಣಮಂಟಪ, ಇನ್ನೊಂದು ಮೂಲೆಯಲ್ಲಿ ಗಾಡಿ ನಿಲ್ಲಿಸುವ ಸ್ಥಳ, ಮಗದೊಂದು ಮೂಲೆಯಲ್ಲಿ ವ್ಯಾಪಾರದ ಕಟ್ಟಡ ಏಳುವುದಕ್ಕೆ ಬಹಳ ಕಾಲ ಬೇಕಾಗುವುದಿಲ್ಲ. ಆಗ ಊರಿನ ಆಟಗಾರರು ಏನಾದರೆಂದು ಸುಶಿಕ್ಷಿತ ಸಂಸಾರಗಳವರು ಲೇಖನಗಳನ್ನು ಬರೆಯುತ್ತಾರೆ. ಆಡುವವರು ತಾವೇ ಕೂಗಿದರೆ ಅಧಿಕಾರಿಗಳ ಕಿವಿಗೆ ಗದ್ದಲವಾಗಿ ಕೇಳುತ್ತದೆ. ವಕೀಲರೂ ಉಪಾಧ್ಯಾಯರೂ ಬ್ಯಾಂಕಿನ ನಿವೃತ್ತ ಅಧಿಕಾರಿಗಳೂ ಪಕ್ಕದಲ್ಲಿ ನಿಂತರೆ ಅದೇ ಮಾತಿಗೆ ಮನವಿಯೆಂಬ ಹೆಸರು ಬರುತ್ತದೆ. ಈ ವ್ಯತ್ಯಾಸವು ನ್ಯಾಯವಾದದ್ದಲ್ಲ. ಆದರೆ ಇರುವುದು ಹಾಗೆ. ಇರುವಷ್ಟು ದಿನ ಅದನ್ನು ಆ ಹುಡುಗರ ಪರವಾಗಿ ಉಪಯೋಗಿಸದೆ ಮನೆಯಲ್ಲಿ ಕುಳಿತಿರುವುದು ಇನ್ನೂ ಅನ್ಯಾಯ.

ದೂರವೆಂಬ ನೆಪವೂ ಈಗ ಉಳಿದಿಲ್ಲ. ಬಸವನಗುಡಿಯವರು ನ್ಯಾಷನಲ್ ಕಾಲೇಜಿನ ಬಳಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಾಯಿಸಿ, ಮಹಾತ್ಮ ಗಾಂಧಿ ರಸ್ತೆಯಲ್ಲಿ ಇಳಿದರೆ ಅಲ್ಲಿಂದ ಕಾಲುನಡಿಗೆಯ ದಾರಿ. ಮಳೆಯ ದಿನವಾದರೆ ಕೊಡೆಯೊಂದು ಜೊತೆಯಲ್ಲಿರಲಿ. ಬಿಚ್ಚಿ ಹಿಡಿದರೆ ಹಿಂದೆ ಕುಳಿತವರಿಗೆ ಅಡ್ಡವಾದೀತೆಂಬ ಸಂಕೋಚ ಬೇಡ. ಹಿಂದೆ ಯಾರೂ ಕುಳಿತಿರುವುದಿಲ್ಲ.